ಎರಡು ಬಿಂದುಗಳಿಂದ ರೇಖೆಯ ಇಳಿಜಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯ ಮಕ್ಕಳು, ಪ್ರಥಮ ಪಿಯುಸಿಯಲ್ಲಿ ‘ಸರಳ ರೇಖೆಗಳು’ ಅಧ್ಯಾಯಕ್ಕೆ ಬಂದು ನಿಂತವರು, ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ತಂದೆತಾಯಂದಿರು ವರ್ಷವರ್ಷವೂ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಆದರೆ ಹೊಸಬರು ಮೊದಲಿನಿಂದ ಓದಿದರೆ ಹಾದಿ ಸುಲಭವಾಗುತ್ತದೆ. ಬಿಂದುವನ್ನು (2, 3) ಎಂದು ಬರೆದಲ್ಲೆಲ್ಲ ಮೊದಲನೆಯದು ಎಕ್ಸ್ ನಿರ್ದೇಶಾಂಕ, ಎರಡನೆಯದು ವೈ ನಿರ್ದೇಶಾಂಕ.

## ಮೊದಲ ಹೆಜ್ಜೆಗಳು

ಇಳಿಜಾರು ಎಂದರೆ ಇಳಿಯುವುದು ತಾನೆ? ಮೇಲಕ್ಕೆ ಏರುವ ರೇಖೆಗೂ ಇಳಿಜಾರು ಎನ್ನುವುದೇಕೆ?

ಮಾತಿನ ಅರ್ಥವನ್ನೇ ಹಿಡಿದುಕೊಂಡರೆ ಈ ಗೊಂದಲ ಸಹಜ. ಗಣಿತದಲ್ಲಿ ಇಳಿಜಾರು ಒಂದು ಸಂಖ್ಯೆ. ರೇಖೆಯ ಮೇಲೆ ಎಡದಿಂದ ಬಲಕ್ಕೆ ಒಂದು ಮಾನದಷ್ಟು ಸರಿದರೆ ಎತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಎತ್ತರ ಹೆಚ್ಚಿದರೆ ಸಂಖ್ಯೆ ಧನ, ಕಡಿಮೆಯಾದರೆ ಋಣ, ಬದಲಾಗದಿದ್ದರೆ ಸೊನ್ನೆ. ಗಾರೆ ಕೆಲಸದವರು ಇದನ್ನೇ ‘ವಾಟ’ ಎನ್ನುತ್ತಾರೆ. ವಾಟ ಎಷ್ಟು ಎಂದು ಕೇಳಿದರೆ ಸಾಲದು, ಯಾವ ಕಡೆಗೆ ಎಂದೂ ಹೇಳಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆ ‘ಯಾವ ಕಡೆಗೆ’ ಎಂಬುದನ್ನು ನಾವು ಚಿಹ್ನೆಯಲ್ಲಿ ಬರೆಯುತ್ತೇವೆ, ಅಷ್ಟೇ ವ್ಯತ್ಯಾಸ.

ಎರಡು ಬಿಂದು ಕೊಟ್ಟರೆ ಇಳಿಜಾರು ಕಂಡುಹಿಡಿಯುವುದು ಹೇಗೆ? ಸೂತ್ರ ಹೇಳಿ, ಸಾಕು.

ಬಿಂದುಗಳು (ಎಕ್ಸ್₁, ವೈ₁) ಮತ್ತು (ಎಕ್ಸ್₂, ವೈ₂) ಆಗಿದ್ದರೆ,

ಇಳಿಜಾರು ಎಂ = (ವೈ₂ − ವೈ₁) ÷ (ಎಕ್ಸ್₂ − ಎಕ್ಸ್₁)

ಉದಾಹರಣೆಗೆ (2, 3) ಮತ್ತು (6, 11) ಬಿಂದುಗಳನ್ನು ತೆಗೆದುಕೊಳ್ಳಿ. ವೈ ವ್ಯತ್ಯಾಸ 11 − 3 = 8, ಎಕ್ಸ್ ವ್ಯತ್ಯಾಸ 6 − 2 = 4, ಆದ್ದರಿಂದ ಇಳಿಜಾರು 8 ÷ 4 = 2. ಸೂತ್ರ ಸಾಕು ಎಂದಿರಿ, ಆದರೂ ಒಂದು ಮಾತು: ಉತ್ತರ ಬಂದ ಮೇಲೆ ಅದನ್ನು ‘ಬಲಕ್ಕೆ 1 ಸರಿದರೆ ಮೇಲಕ್ಕೆ 2’ ಎಂದು ಬಾಯಿಬಿಟ್ಟು ಓದಿ, (2, 3)ರಿಂದ ಹಾಗೆಯೇ ನಡೆದು ನೋಡಿ. (3, 5), (4, 7), (5, 9), (6, 11). ಎರಡನೆಯ ಬಿಂದುವಿಗೆ ತಲುಪಿದರೆ ಉತ್ತರ ಸರಿ. ಇದಕ್ಕಿಂತ ಅಗ್ಗದ ತಾಳೆ ಬೇರೊಂದಿಲ್ಲ.

ಸರ್, ಯಾವುದು ಮೊದಲನೆಯ ಬಿಂದು, ಯಾವುದು ಎರಡನೆಯದು ಎಂದು ತಿಳಿಯುವುದು ಹೇಗೆ?

ಯಾವುದನ್ನಾದರೂ ಮೊದಲನೆಯದಾಗಿ ಇಟ್ಟುಕೊಳ್ಳಬಹುದು. (2, 3), (6, 11) ಬಿಂದುಗಳನ್ನು ಅದಲುಬದಲು ಮಾಡಿದರೆ ಮೇಲೆ 3 − 11 = −8, ಕೆಳಗೆ 2 − 6 = −4; ಎರಡೂ ಋಣವಾದ್ದರಿಂದ ಭಾಗಿಸಿದಾಗ ಮತ್ತೆ 2. ಮಾಡಬಾರದ್ದು ಒಂದೇ: ಮೇಲೆ ಒಂದು ಕ್ರಮ, ಕೆಳಗೆ ಇನ್ನೊಂದು ಕ್ರಮ. ಮೇಲೆ 11 − 3, ಕೆಳಗೆ 2 − 6 ಎಂದು ಬರೆದರೆ −2 ಬರುತ್ತದೆ, ಏರುವ ರೇಖೆ ಇಳಿಯುತ್ತದೆ. ಉತ್ತರ ಪತ್ರಿಕೆಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನ ಪಾಲು ಇದೇ. ಸೂತ್ರ ಗೊತ್ತಿಲ್ಲದವರು ಇದನ್ನು ಮಾಡುವುದಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ ಅವಸರದಲ್ಲಿ ಬೆಲೆ ತುಂಬುವವರೇ ಮಾಡುತ್ತಾರೆ. ಬಿಂದುಗಳನ್ನು ಒಂದರ ಕೆಳಗೊಂದು ಬರೆದುಕೊಂಡು, ಎರಡು ಕಂಬಸಾಲುಗಳಲ್ಲೂ ಕೆಳಗಿನದರಿಂದ ಮೇಲಿನದನ್ನು ಕಳೆಯುವ ರೂಢಿ ಮಾಡಿಕೊಂಡರೆ ಈ ತಪ್ಪಿಗೆ ಜಾಗವೇ ಇರುವುದಿಲ್ಲ.

ವೈ ಮೇಲೆ, ಎಕ್ಸ್ ಕೆಳಗೆ ಏಕೆ? ತಿರುಗಿಸಿ ಭಾಗಿಸಿದರೆ ಏನಾಗುತ್ತದೆ?

‘ಪ್ರತಿ ಒಂದಕ್ಕೆ ಎಷ್ಟು’ ಎಂದು ಕೇಳುವಾಗ ಯಾವುದು ಆ ‘ಒಂದು’ ಆಗಿರುತ್ತದೆಯೋ ಅದು ಛೇದದಲ್ಲಿ ಬರುತ್ತದೆ. ಇಲ್ಲಿ ಎಕ್ಸ್ ಒಂದು ಮಾನ ಸರಿದಾಗ ವೈ ಎಷ್ಟು ಸರಿಯಿತು ಎಂಬುದು ಪ್ರಶ್ನೆ. ತಿರುಗಿಸಿದರೆ ಬರುವ ಸಂಖ್ಯೆ ಅರ್ಥವಿಲ್ಲದ್ದೇನಲ್ಲ, ಅದು ಬೇರೆ ಪ್ರಶ್ನೆಯ ಉತ್ತರ. ನೀರು ಹೆಪ್ಪುಗಟ್ಟುವುದು 0 ಡಿಗ್ರಿ ಸೆಲ್ಸಿಯಸ್, ಅಂದರೆ 32 ಡಿಗ್ರಿ ಫ್ಯಾರನ್‌ಹೀಟ್. ಕುದಿಯುವುದು 100, ಅಂದರೆ 212. ಸೆಲ್ಸಿಯಸ್ ಅನ್ನು ಎಕ್ಸ್ ಅಕ್ಷದಲ್ಲಿಟ್ಟರೆ ಇಳಿಜಾರು 180 ÷ 100 = 9/5: ಸೆಲ್ಸಿಯಸ್‌ನ ಒಂದು ಡಿಗ್ರಿಗೆ ಫ್ಯಾರನ್‌ಹೀಟ್‌ನ 1.8 ಡಿಗ್ರಿ. ಅಕ್ಷಗಳನ್ನು ಬದಲಿಸಿದರೆ 5/9. ಎರಡೂ ಸರಿ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಜ್ವರದ ಲೆಕ್ಕ ಕೆಡುತ್ತದೆ.

ಋಣ ಸಂಖ್ಯೆಗಳು ಬಂದರೆ ಪ್ರತಿ ಸಲವೂ ತಪ್ಪುತ್ತೇನೆ. ಏನು ಮಾಡಲಿ?

ಆವರಣ ಹಾಕಿ. (−3, 4) ಮತ್ತು (5, −2) ಬಿಂದುಗಳಿಗೆ ಮೇಲೆ (−2) − 4 = −6, ಕೆಳಗೆ 5 − (−3) = 8; ಇಳಿಜಾರು −6/8, ಅಂದರೆ −3/4. ಹೆಚ್ಚಿನವರು ಎಡವುವುದು ಎರಡನೆಯ ಹೆಜ್ಜೆಯಲ್ಲಿ. 5 − 3 = 2 ಎಂದು ಬರೆದುಬಿಟ್ಟರೆ ಉತ್ತರ −3 ಆಗುತ್ತದೆ. ಸಂಖ್ಯಾರೇಖೆಯ ಮೇಲೆ −3ರಿಂದ 5ರವರೆಗೆ ಬೆರಳಿಟ್ಟು ಎಣಿಸಿ: ಸೊನ್ನೆಯವರೆಗೆ 3 ಮನೆ, ಅಲ್ಲಿಂದ 5 ಮನೆ, ಒಟ್ಟು 8. ಬೆರಳಿಟ್ಟು ಎಣಿಸುವುದು ಚಿಕ್ಕ ತರಗತಿಯ ಕೆಲಸವೆಂದು ನಾಚಬೇಕಾಗಿಲ್ಲ. ಲೆಕ್ಕ ಮುಗಿದ ಮೇಲೆ ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಒರಟಾಗಿ ಗುರುತಿಸಿ, ರೇಖೆ ಬಲಕ್ಕೆ ಇಳಿಯುತ್ತಿದೆಯೇ ಏರುತ್ತಿದೆಯೇ ಎಂದಷ್ಟೇ ನೋಡಿದರೂ ಚಿಹ್ನೆಯ ತಪ್ಪು ಸಿಕ್ಕಿಬೀಳುತ್ತದೆ.

ಉತ್ತರ 2/3 ಬಂದರೆ 0.67 ಎಂದು ಬರೆಯಬೇಕೆ?

ಬೇಡ. 2/3 ನಿಖರ, 0.67 ಅಂದಾಜು. ಅಲ್ಲದೆ ಭಿನ್ನರಾಶಿಯಲ್ಲೇ ‘ಬಲಕ್ಕೆ 3, ಮೇಲಕ್ಕೆ 2’ ಎಂಬ ದಾರಿ ಕಾಣುತ್ತದೆ. ಅಳತೆಯಿಂದ ಬಂದ ಸಂಖ್ಯೆಗಳಾದರೆ ಮಾತ್ರ ದಶಮಾಂಶ ಹೊಂದುತ್ತದೆ.

ಇಳಿಜಾರಿಗೆ ಎಂ ಎಂಬ ಅಕ್ಷರವೇ ಏಕೆ?

ಇದಕ್ಕೆ ಖಚಿತವಾದ ಕಾರಣ ಇತಿಹಾಸದಲ್ಲಿ ದಾಖಲಾಗಿಲ್ಲ. ‘ಏರು’ ಎಂಬ ಅರ್ಥದ ಫ್ರೆಂಚ್ ಪದದ ಮೊದಲಕ್ಷರ ಅದು, ದೆಕಾರ್ತ್ ಬಳಸಿದ್ದು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಆದರೆ ನಿರ್ದೇಶಾಂಕ ರೇಖಾಗಣಿತಕ್ಕೆ ತಳಪಾಯ ಹಾಕಿದ ದೆಕಾರ್ತ್‌ನ 1637ರ ಗ್ರಂಥದಲ್ಲಿ ಇಳಿಜಾರಿಗೆ ಎಂ ಬಳಕೆಯಾಗಿಲ್ಲ. 19ನೆಯ ಶತಮಾನದ ಇಂಗ್ಲಿಷ್ ಪಠ್ಯಪುಸ್ತಕಗಳಿಂದ ಅದು ನಮ್ಮವರೆಗೆ ಬಂದಿದೆ.

## ತೊಡಕಿನ ಸಂದರ್ಭಗಳು

ಮೇಲೆ ಸೊನ್ನೆ ಬಂದರೆ ಸರಿ, ಕೆಳಗೆ ಸೊನ್ನೆ ಬಂದರೆ ತಪ್ಪು ಎನ್ನುತ್ತಾರೆ. ಎರಡೂ ಸೊನ್ನೆಯೇ ಅಲ್ಲವೆ?

(1, 5) ಮತ್ತು (7, 5) ಬಿಂದುಗಳಲ್ಲಿ ಮೇಲೆ 0, ಕೆಳಗೆ 6. ಆರು ಹೆಜ್ಜೆ ನಡೆದರೂ ಎತ್ತರ ಬದಲಾಗಲಿಲ್ಲ, ಆದ್ದರಿಂದ ಇಳಿಜಾರು 0. ಇದು ಮಟ್ಟಸವಾದ ರೇಖೆ. (4, 1) ಮತ್ತು (4, 7) ಬಿಂದುಗಳಲ್ಲಿ ಮೇಲೆ 6, ಕೆಳಗೆ 0. ಇಲ್ಲಿ ಬಲಕ್ಕೆ ಹೆಜ್ಜೆಯನ್ನೇ ಇಡಲಿಲ್ಲ. ಇಡದ ಹೆಜ್ಜೆಗೆ ‘ಪ್ರತಿ ಹೆಜ್ಜೆಗೆ ಎಷ್ಟು’ ಎಂದು ಕೇಳುವಂತಿಲ್ಲ. ಆದ್ದರಿಂದ ನೆಟ್ಟಗೆ ನಿಂತ ರೇಖೆಗೆ ಇಳಿಜಾರು ಇಲ್ಲ ಎನ್ನುತ್ತೇವೆ. ‘ಇಳಿಜಾರು ಸೊನ್ನೆ’ ಎಂಬುದಕ್ಕೂ ‘ಇಳಿಜಾರು ಇಲ್ಲ’ ಎಂಬುದಕ್ಕೂ ಮಲಗಿದ್ದಕ್ಕೂ ನಿಂತದ್ದಕ್ಕೂ ಇರುವಷ್ಟೇ ಅಂತರ.

ನೆಟ್ಟನೆಯ ರೇಖೆಗೆ ಇಳಿಜಾರು ಅನಂತ ಎಂದು ಬರೆದರೆ ಅಂಕ ಕೊಡುತ್ತೀರಾ?

‘ವ್ಯಾಖ್ಯಾನಿಸಿಲ್ಲ’ ಎಂದು ಬರೆದರೆ ಯಾವ ತಕರಾರೂ ಇಲ್ಲ. ಅನಂತ ಎನ್ನುವುದರಲ್ಲಿ ಒಂದು ತೊಡಕಿದೆ. (4, 1)ನ್ನು ಹಾಗೆಯೇ ಇಟ್ಟು, ಎರಡನೆಯ ಬಿಂದುವನ್ನು ಕೂದಲೆಳೆಯಷ್ಟು ಬಲಕ್ಕೆ, (4.001, 7)ಕ್ಕೆ ಸರಿಸಿದರೆ ಇಳಿಜಾರು 6 ÷ 0.001 = 6000. ಅಷ್ಟೇ ಎಡಕ್ಕೆ, (3.999, 7)ಕ್ಕೆ ಸರಿಸಿದರೆ −6000. ಒಂದು ಕಡೆಯಿಂದ ಹೋದರೆ ಸಂಖ್ಯೆ ಧನವಾಗಿ ಬೆಳೆಯುತ್ತ ಹೋಗುತ್ತದೆ, ಇನ್ನೊಂದು ಕಡೆಯಿಂದ ಋಣವಾಗಿ ಬೆಳೆಯುತ್ತದೆ. ನಡುವೆ ನಿಂತ ರೇಖೆಗೆ ಯಾವ ಅನಂತವನ್ನು ಕೊಡುವುದು? ಸೂತ್ರ ಸುಮ್ಮನಾಗುವುದಕ್ಕೆ ಇಷ್ಟು ಕಾರಣ ಸಾಕು. ರೇಖೆಗೆ ಸಮೀಕರಣವಂತೂ ಇದ್ದೇ ಇದೆ: ಎಕ್ಸ್ = 4.

ಎರಡು ಬಿಂದುಗಳೂ ಒಂದೇ ಆಗಿದ್ದರೆ?

ಆಗ 0 ÷ 0 ಬರುತ್ತದೆ. ಹಿಂದಿನ ಪ್ರಶ್ನೆಯಲ್ಲಿ ರೇಖೆ ಇತ್ತು, ಇಳಿಜಾರು ಇರಲಿಲ್ಲ. ಇಲ್ಲಿ ರೇಖೆಯೇ ನಿರ್ಧಾರವಾಗಿಲ್ಲ, ಏಕೆಂದರೆ ಒಂದು ಬಿಂದುವಿನ ಮೂಲಕ ಎಷ್ಟು ಬೇಕಾದರೂ ರೇಖೆಗಳು ಹಾಯುತ್ತವೆ.

ಒಂದೇ ರೇಖೆಯ ಮೇಲೆ ಬೇರೆ ಎರಡು ಬಿಂದು ತೆಗೆದುಕೊಂಡರೆ ಬೇರೆ ಉತ್ತರ ಬರುವುದಿಲ್ಲವೆ?

ಬರುವುದಿಲ್ಲ, ಮತ್ತು ಇದು ಪವಾಡವಲ್ಲ. ಯಾವ ಎರಡು ಬಿಂದುಗಳನ್ನು ಹಿಡಿದರೂ ಅವುಗಳ ನಡುವೆ ಒಂದು ಅಡ್ಡಗೆರೆ, ಒಂದು ನಿಲುಗೆರೆ ಎಳೆದು ಲಂಬಕೋನ ತ್ರಿಭುಜ ಮಾಡಬಹುದು. ರೇಖೆ ಒಂದೇ ಆದ್ದರಿಂದ ಆ ತ್ರಿಭುಜಗಳ ಕೋನಗಳೆಲ್ಲ ಒಂದೇ. ಅವು ಸಮರೂಪ ತ್ರಿಭುಜಗಳು, ಬಾಹುಗಳ ಅನುಪಾತ ಸಮ. ಹತ್ತನೆಯ ತರಗತಿಯಲ್ಲಿ ಕಲಿಯುವ ಸಮರೂಪತೆಯೇ ಇಳಿಜಾರಿನ ಬೆನ್ನೆಲುಬು.

ಇದನ್ನೇ ತಿರುಗಿಸಿ ಬಳಸಿದರೆ ಮೂರು ಬಿಂದುಗಳು ಒಂದೇ ರೇಖೆಯ ಮೇಲಿವೆಯೇ ಎಂಬ ಪರೀಕ್ಷೆ ಸಿಗುತ್ತದೆ. (−2, −1), (1, 1), (7, 5) ಬಿಂದುಗಳಲ್ಲಿ ಮೊದಲೆರಡರ ಇಳಿಜಾರು 2/3, ಕೊನೆಯೆರಡರದು 4/6, ಅದೂ 2/3. ನಡುವಿನ ಬಿಂದು ಎರಡಕ್ಕೂ ಸೇರಿದ್ದರಿಂದ ಮೂರೂ ಏಕರೇಖಾಗತ. ಹಂಚಿಕೊಂಡ ಬಿಂದು ಇಲ್ಲದಿದ್ದರೆ ಈ ತೀರ್ಮಾನ ಸಲ್ಲದು. ಸಮಾಂತರ ರೇಖೆಗಳಿಗೂ ಇಳಿಜಾರು ಒಂದೇ ಇರುತ್ತದೆಯಲ್ಲ.

## ಪುಸ್ತಕದಿಂದ ಹೊರಗೆ

ಇದೆಲ್ಲ ಪರೀಕ್ಷೆ ಮುಗಿದ ಮೇಲೆ ಯಾವ ಕೆಲಸಕ್ಕೆ ಬರುತ್ತದೆ?

ನನ್ನ ಮನೆಯ ಬಚ್ಚಲಿನ ಕಥೆ ಹೇಳುತ್ತೇನೆ. ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ ಮರುದಿನ ನೀರು ಮೋರಿಯ ಕಡೆಗೆ ಹೋಗದೆ ಬಾಗಿಲಿನ ಕಡೆಗೆ ಬಂದು ನಿಂತಿತು. ಕೆಲಸ ಮಾಡಿದವರು ‘ವಾಟ ಸರಿಯಾಗಿಯೇ ಇದೆ’ ಎಂದರು. ಅವರದೇ ಮಟ್ಟದ ಪೈಪನ್ನು, ಅಂದರೆ ನೀರು ತುಂಬಿದ ಪಾರದರ್ಶಕ ಪೈಪನ್ನು, ತೆಗೆದುಕೊಂಡು ಒಂದು ತುದಿಯನ್ನು ಬಾಗಿಲ ಬಳಿ, ಇನ್ನೊಂದನ್ನು ಮೋರಿಯ ಬಳಿ ಗೋಡೆಗೆ ಹಿಡಿದೆವು. ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆಯಾದ್ದರಿಂದ ಆ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಗುರುತಿನಿಂದ ನೆಲದವರೆಗೆ ಅಳೆದೆವು. ಬಾಗಿಲ ಬಳಿ 100 ಸೆಂಟಿಮೀಟರ್, ಮೋರಿಯ ಬಳಿ 98. ನಡುವಿನ ದೂರ 160.

ಅಲ್ಲಿದ್ದ ಹುಡುಗ ತಕ್ಷಣ ‘98 − 100 = −2, ಇಳಿದಿದೆಯಲ್ಲ’ ಎಂದ. ಸೂತ್ರ ಸರಿ, ಅಕ್ಷ ತಲೆಕೆಳಗು. ನಾವು ಅಳೆದದ್ದು ಗುರುತಿನಿಂದ ಕೆಳಕ್ಕೆ. ಅಳತೆ ಕಡಿಮೆಯಾದಲ್ಲಿ ನೆಲ ಎತ್ತರವಾಗಿರುತ್ತದೆ. ನೆಲದ ನಿಜವಾದ ಇಳಿಜಾರು +2/160, ಅಂದರೆ 80ಕ್ಕೆ 1ರಂತೆ ಮೋರಿಯ ಕಡೆಗೆ ಏರು. ವಾಟದ ಪ್ರಮಾಣ ಸರಿಯಾಗಿಯೇ ಇತ್ತು, ಚಿಹ್ನೆ ತಪ್ಪಿತ್ತು. ಟೈಲ್ಸ್ ಕೀಳಿಸಬೇಕಾಯಿತು. ಅಂದಿನಿಂದ ಚಿಹ್ನೆ ತಪ್ಪಿದ ಉತ್ತರಕ್ಕೆ ಅರ್ಧ ಅಂಕ ಕೊಡುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ.

ರೈಲು ಹಳಿಗೆ ‘50ಕ್ಕೆ 1’ ಎನ್ನುತ್ತಾರೆ, ರಸ್ತೆಗೆ ಶೇಕಡಾ ಎನ್ನುತ್ತಾರೆ, ಪುಸ್ತಕದಲ್ಲಿ ಡಿಗ್ರಿ. ಎಲ್ಲ ಒಂದೇನಾ?

ಮೂರೂ ಒಂದೇ ಸಂಗತಿಯ ಮೂರು ಬರವಣಿಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿ ಮಾರ್ಗದ ಕಡಿದಾದ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಎತ್ತರದ ಬದಲಾವಣೆ, ಇಳಿಜಾರು 0.02, ಶೇಕಡಾ 2, ಕೋನ 1.15 ಡಿಗ್ರಿ. ಕಣ್ಣಿಗೆ ಮಟ್ಟಸವಾಗಿ ಕಾಣುವ ಈ ಒಂದು ಡಿಗ್ರಿಗಾಗಿಯೇ ರೈಲುಗಳಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. 55 ಕಿಲೋಮೀಟರ್ ಉದ್ದಕ್ಕೂ ಇದೇ ಇಳಿಜಾರು ಇದ್ದಿದ್ದರೆ ಹಳಿ 55 × 0.02 = 1.1 ಕಿಲೋಮೀಟರ್ ಇಳಿಯುತ್ತಿತ್ತು. ಸಕಲೇಶಪುರವೇ ಸಮುದ್ರಮಟ್ಟದಿಂದ ಅಷ್ಟು ಎತ್ತರದಲ್ಲಿಲ್ಲ; ಹಾಗಾಗಿ ದಾರಿಯಲ್ಲಿ ಇದಕ್ಕಿಂತ ಸೌಮ್ಯವಾದ ಭಾಗಗಳು ಇರಲೇಬೇಕು ಎಂದು ಹಳಿಯನ್ನು ನೋಡದೆಯೇ ಹೇಳಬಹುದು.

ನೀಲಗಿರಿ ರೈಲಿನ ಹಲ್ಲುಹಳಿ ಭಾಗದಲ್ಲಿ ಇಳಿಜಾರು ಸುಮಾರು 12ಕ್ಕೆ 1. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಜಾರುವ ಮಟ್ಟ ಅದು. ಆದ್ದರಿಂದಲೇ ಅಲ್ಲಿ ಹಲ್ಲಿನ ಹಳಿ. ಗಾಲಿಕುರ್ಚಿಗಾಗಿ ಕಟ್ಟುವ ರ‍್ಯಾಂಪ್‌ಗೆ ಅನುಮತಿ ಇರುವ ಗರಿಷ್ಠ ಇಳಿಜಾರೂ 12ಕ್ಕೆ 1 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ಕಡಿದಾಗಿ ಕಟ್ಟಿ ‘ರ‍್ಯಾಂಪ್ ಇದೆ’ ಎನ್ನುವ ಕಟ್ಟಡಗಳು ಎಷ್ಟಿವೆ ಎಂಬುದನ್ನು ಒಂದು ಅಳತೆಪಟ್ಟಿ ಹಿಡಿದು ನೀವೇ ಪರೀಕ್ಷಿಸಬಹುದು.

ಶೇಕಡಾ 100 ಎಂದರೆ ನೆಟ್ಟಗಿನ ಗೋಡೆ ಎಂದು ಹಲವರು ತಿಳಿದಿದ್ದಾರೆ. ಅಲ್ಲ, ಇಳಿಜಾರು 1, ಕೋನ 45 ಡಿಗ್ರಿ.

ಇಳಿಜಾರು ಮತ್ತು ಕೋನಕ್ಕೆ ಏನು ಸಂಬಂಧ? ಇಳಿಜಾರು ಎರಡು ಪಟ್ಟಾದರೆ ಕೋನವೂ ಎರಡು ಪಟ್ಟೇ?

ರೇಖೆ ಎಕ್ಸ್ ಅಕ್ಷದೊಂದಿಗೆ ಮಾಡುವ ಕೋನದ ಟ್ಯಾನ್ ಬೆಲೆಯೇ ಇಳಿಜಾರು. ಆದರೆ ಕೋನ ಅದೇ ವೇಗದಲ್ಲಿ ಬೆಳೆಯುವುದಿಲ್ಲ: ಇಳಿಜಾರು 1 ಇದ್ದಾಗ 45 ಡಿಗ್ರಿ, 2 ಆದಾಗ ಸುಮಾರು 63.4 ಡಿಗ್ರಿ ಮಾತ್ರ. ಇನ್ನೊಂದು ಎಚ್ಚರ: ಗ್ರಾಫ್ ಹಾಳೆಯ ಮೇಲೆ ಕೋನಮಾಪಕ ಇಟ್ಟು ಅಳೆಯಬೇಡಿ. ಎಕ್ಸ್ ಅಕ್ಷದಲ್ಲಿ 1 ಸೆಂಟಿಮೀಟರ್‌ಗೆ 1 ಮಾನ, ವೈ ಅಕ್ಷದಲ್ಲಿ 1 ಸೆಂಟಿಮೀಟರ್‌ಗೆ 10 ಮಾನ ಹಿಡಿದಿದ್ದರೆ ಕಾಗದದ ಮೇಲೆ ಕಾಣುವ ಕೋನಕ್ಕೂ ಇಳಿಜಾರಿಗೂ ಸಂಬಂಧ ಉಳಿದಿರುವುದಿಲ್ಲ.

ಭೂಪಟದಲ್ಲಿ ಗುಡ್ಡದ ಇಳಿಜಾರು ಲೆಕ್ಕ ಹಾಕಬಹುದೇ?

ಹಾಕಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಭೂಪಟದಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳ ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್. ಪಟದಲ್ಲಿ 2 ಸೆಂಟಿಮೀಟರ್ ದೂರದಲ್ಲಿರುವ ಎರಡು ಬಿಂದುಗಳ ನಡುವೆ ಅಂಥ ಐದು ಅಂತರಗಳು ದಾಟಿದರೆ ಏರು 100 ಮೀಟರ್, ಇಳಿಜಾರು 100 ÷ 1000 = 0.1. ಸೆಂಟಿಮೀಟರ್ ಅನ್ನು ಮೀಟರಿಗೆ ಬದಲಿಸದೆ ಭಾಗಿಸಿದರೆ ಗುಡ್ಡ ಗೋಡೆಯಾಗುತ್ತದೆ. ನಡುವೆ ಒಂದು ಕಣಿವೆ ಇಳಿದು ಹತ್ತಿದ್ದರೂ ಎರಡು ತುದಿಗಳ ಲೆಕ್ಕಕ್ಕೆ ಅದು ಕಾಣುವುದಿಲ್ಲ ಎಂಬುದನ್ನು ಚಾರಣ ಹೊರಡುವ ಮುನ್ನ ನೆನಪಿಟ್ಟುಕೊಳ್ಳಿ.

ಆಟೋ ಬಾಡಿಗೆಯಿಂದ ಇಳಿಜಾರು ತೆಗೆದೆ, ಕಿಲೋಮೀಟರಿಗೆ 13.50 ಬಂತು. ಬೋರ್ಡಿನಲ್ಲಿ 18 ಎಂದಿದೆ. ಎಲ್ಲಿ ತಪ್ಪಿತು?

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರ ಪ್ರತಿ ಕಿಲೋಮೀಟರಿಗೆ 18. ನೀವು ಬಹುಶಃ 1 ಕಿಲೋಮೀಟರ್ ಪ್ರಯಾಣದ (1, 36) ಮತ್ತು 5 ಕಿಲೋಮೀಟರ್ ಪ್ರಯಾಣದ (5, 90) ಬಿಂದುಗಳನ್ನು ಹಿಡಿದಿದ್ದೀರಿ; 54 ÷ 4 = 13.5. ಕಳೆಯುವುದರಲ್ಲಿ ಭಾಗಿಸುವುದರಲ್ಲಿ ತಪ್ಪಿಲ್ಲ. ಆದರೆ ಬಾಡಿಗೆಯ ನಕ್ಷೆ ಒಂದು ರೇಖೆಯಲ್ಲ, ಎರಡು ತುಂಡು: 2 ಕಿಲೋಮೀಟರ್‌ವರೆಗೆ ಇಳಿಜಾರು 0, ಅಲ್ಲಿಂದ ಮುಂದೆ 18. ನಿಮ್ಮ ಬಿಂದುಗಳು ಬೇರೆ ಬೇರೆ ತುಂಡುಗಳ ಮೇಲೆ ಕುಳಿತಿವೆ. (2, 36), (5, 90) ತೆಗೆದುಕೊಳ್ಳಿ, 54 ÷ 3 = 18 ಬರುತ್ತದೆ. ಎಕ್ಸ್ ಬೆಲೆ ಬೇರೆಯಾಗಿರುವ ಯಾವ ಎರಡು ಬಿಂದುಗಳನ್ನು ಕೊಟ್ಟರೂ ಸೂತ್ರ ಒಂದು ಸಂಖ್ಯೆಯನ್ನು ಕೊಟ್ಟೇ ಕೊಡುತ್ತದೆ. ನಡುವೆ ನಿಜಕ್ಕೂ ರೇಖೆ ಇದೆಯೇ ಎಂದು ಅದು ವಿಚಾರಿಸುವುದಿಲ್ಲ.

## ಮುಂದಿನ ಹಂತ

ಇಳಿಜಾರು ಸಿಕ್ಕಿತು. ಅಲ್ಲಿಂದ ರೇಖೆಯ ಸಮೀಕರಣ ಬರೆಯುವುದು ಹೇಗೆ?

ವೈ − ವೈ₁ = ಎಂ × (ಎಕ್ಸ್ − ಎಕ್ಸ್₁) ಎಂದು ಬರೆದು, ಎರಡರಲ್ಲಿ ಯಾವುದಾದರೂ ಒಂದು ಬಿಂದುವನ್ನು ತುಂಬಿ. (2, 3), ಇಳಿಜಾರು 2 ಆದರೆ ವೈ − 3 = 2(ಎಕ್ಸ್ − 2), ಅಂದರೆ ವೈ = 2ಎಕ್ಸ್ − 1. ಬಳಸದೆ ಬಿಟ್ಟ ಬಿಂದುವನ್ನು ತಾಳೆಗೆ ಇಟ್ಟುಕೊಳ್ಳಿ: 2 × 6 − 1 = 11, ಸರಿ.

ಲಂಬ ರೇಖೆಗಳ ಇಳಿಜಾರುಗಳ ಗುಣಲಬ್ಧ −1 ಎಂಬುದನ್ನು ನಂಬಿದ್ದೇನೆ, ಅರ್ಥವಾಗಿಲ್ಲ.

ಮೂಲಬಿಂದುವಿನಿಂದ (3, 2)ಕ್ಕೆ ರೇಖೆ ಎಳೆಯಿರಿ, ಇಳಿಜಾರು 2/3. ಈಗ ಮೂಲಬಿಂದುವಿಗೆ ಗುಂಡುಸೂಜಿ ಚುಚ್ಚಿ ಹಾಳೆಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ. ಬಲಕ್ಕೆ ಇದ್ದ 3 ಈಗ ಮೇಲಕ್ಕೆ ಆಯಿತು, ಮೇಲಕ್ಕೆ ಇದ್ದ 2 ಎಡಕ್ಕೆ ಆಯಿತು. ಬಿಂದು (−2, 3)ಕ್ಕೆ ಬಂತು. ಹೊಸ ಇಳಿಜಾರು −3/2. ಏರು ಮತ್ತು ಅಡ್ಡ ಜಾಗ ಬದಲಿಸಿಕೊಂಡದ್ದರಿಂದ ವ್ಯುತ್ಕ್ರಮ, ಒಂದು ದಿಕ್ಕು ಮಗುಚಿದ್ದರಿಂದ ಋಣ. ಗುಣಿಸಿದರೆ −1. ಅಡ್ಡರೇಖೆ ಮತ್ತು ನೆಟ್ಟರೇಖೆಯ ಜೋಡಿಗೆ ಮಾತ್ರ ಈ ನಿಯಮ ಹೊಂದುವುದಿಲ್ಲ, ಒಂದಕ್ಕೆ ಇಳಿಜಾರೇ ಇಲ್ಲದ್ದರಿಂದ.

ಭೌತಶಾಸ್ತ್ರದ ಪ್ರಯೋಗದಲ್ಲಿ ‘ದೂರದ ಬಿಂದು ಆರಿಸಿ’ ಎನ್ನುತ್ತಾರೆ. ಸೂತ್ರ ಒಂದೇ ಆದಮೇಲೆ ಹತ್ತಿರ, ದೂರ ಎಂಬುದೇಕೆ?

ಪುಸ್ತಕದ ಬಿಂದುಗಳು ನಿಖರ, ಪ್ರಯೋಗಾಲಯದ ಬಿಂದುಗಳು ಹಾಗಲ್ಲ. ಸರಳ ಲೋಲಕದ ಪ್ರಯೋಗದಲ್ಲಿ ಉದ್ದವನ್ನು ಎಕ್ಸ್ ಅಕ್ಷದಲ್ಲೂ ಆವರ್ತಕಾಲದ ವರ್ಗವನ್ನು ವೈ ಅಕ್ಷದಲ್ಲೂ ಇಟ್ಟರೆ ಇಳಿಜಾರು ಸುಮಾರು 4.03 ಬರಬೇಕು, 39.48ನ್ನು (4π²ದ ಬೆಲೆ) ಅದರಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ ಸಿಗುತ್ತದೆ. ರೇಖೆಯ ಮೇಲಿನ (0.20, 0.81) ಮತ್ತು (1.00, 4.03) ಬಿಂದುಗಳಿಂದ 3.22 ÷ 0.80 = 4.025, ಆದ್ದರಿಂದ 9.81. ಓದುವಾಗ ಮೇಲಿನ ಸಂಖ್ಯೆಯಲ್ಲಿ 0.03ರಷ್ಟು ತಪ್ಪಿ 4.06 ಎಂದು ಬರೆದರೂ ಉತ್ತರ 9.72, ಪರವಾಗಿಲ್ಲ. ಈಗ ಹತ್ತಿರದ (0.60, 2.42), (0.65, 2.62) ಬಿಂದುಗಳಲ್ಲಿ ಅದೇ 0.03 ತಪ್ಪಿದರೆ 0.23 ÷ 0.05 = 4.6, ಉತ್ತರ 8.58. ತಪ್ಪು ಅಷ್ಟೇ, ಆದರೆ ಚಿಕ್ಕ ಛೇದ ಅದನ್ನು ದೊಡ್ಡದು ಮಾಡಿತು. ಇನ್ನೂ ಒಂದು ಮಾತು: ಬಿಂದುಗಳನ್ನು ನೀವು ಎಳೆದ ರೇಖೆಯಿಂದ ಆರಿಸಿ, ಕೋಷ್ಟಕದಿಂದಲ್ಲ. ಎಲ್ಲ ಅಳತೆಗಳ ನಡುವೆ ಹಾಯಿಸಿ ಎಳೆದ ರೇಖೆಗೆ ಯಾವ ಒಂದು ಅಳತೆಗಿಂತಲೂ ಹೆಚ್ಚು ತಿಳಿವಳಿಕೆ ಇರುತ್ತದೆ.

ಎಕ್ಸೆಲ್‌ನಲ್ಲಿ ಇಳಿಜಾರು ತೆಗೆದರೆ ಉತ್ತರ ಉಲ್ಟಾ ಬರುತ್ತದಲ್ಲ?

ಅಲ್ಲಿನ ಸ್ಲೋಪ್ ಎಂಬ ಕಾರ್ಯಸೂತ್ರ ವೈ ಬೆಲೆಗಳನ್ನು ಮೊದಲು, ಎಕ್ಸ್ ಬೆಲೆಗಳನ್ನು ಆಮೇಲೆ ಕೇಳುತ್ತದೆ. ನಮ್ಮ (2, 3), (6, 11) ಬಿಂದುಗಳನ್ನು ಬರೆಯುವ ಕ್ರಮದಲ್ಲೇ, ಎಕ್ಸ್ ಮೊದಲು ಕೊಟ್ಟರೆ 2ರ ಬದಲು 0.5 ಸಿಗುತ್ತದೆ. ಎರಡೇ ಬಿಂದು ಕೊಟ್ಟರೆ ಅದು ನಮ್ಮ ಸೂತ್ರವೇ. ಹೆಚ್ಚು ಕೊಟ್ಟರೆ ಎಲ್ಲಕ್ಕೂ ಆದಷ್ಟು ಹತ್ತಿರ ಹಾಯುವ ರೇಖೆಯ ಇಳಿಜಾರು.

ಜನಗಣತಿಯ ಎರಡು ವರ್ಷಗಳಿಂದ ಇಳಿಜಾರು ತೆಗೆದು ಮುಂದಿನ ವರ್ಷಗಳ ಜನಸಂಖ್ಯೆ ಹೇಳಬಹುದೇ?

ಕರ್ನಾಟಕದ ಜನಸಂಖ್ಯೆ 1991ರಲ್ಲಿ 4,49,77,201, 2001ರಲ್ಲಿ 5,28,50,562, 2011ರಲ್ಲಿ 6,10,95,297. ಮೊದಲ ದಶಕದ ಇಳಿಜಾರು ವರ್ಷಕ್ಕೆ ಸುಮಾರು 7.87 ಲಕ್ಷ ಜನ, ಎರಡನೆಯದರದು 8.24 ಲಕ್ಷ. ಎರಡೂ ಬೇರೆ, ಅಂದರೆ ಈ ಮೂರು ಬಿಂದುಗಳು ಒಂದೇ ರೇಖೆಯ ಮೇಲಿಲ್ಲ. 1991 ಮತ್ತು 2011ರ ತುದಿಗಳನ್ನು ಮಾತ್ರ ಹಿಡಿದರೆ 8.06 ಲಕ್ಷ, ಅದು ಎರಡರ ಸರಾಸರಿ. ಅಂತರಗಳು ಸಮವಾಗಿದ್ದರಿಂದ ಮಾತ್ರ ಹಾಗಾಯಿತು. 2006ರ ಅಂದಾಜಿಗೆ 2001–2011ರ ಇಳಿಜಾರು ತಕ್ಕಮಟ್ಟಿಗೆ ಸಾಲುತ್ತದೆ, ಏಕೆಂದರೆ ಎರಡು ಕಡೆಯೂ ಹಿಡಿಕೆ ಇದೆ. ಅದೇ ರೇಖೆಯನ್ನು ಮುಂದಕ್ಕೆ ಎಳೆದುಕೊಂಡು ಹೋದರೆ ಒಂದೇ ಕಡೆ ಹಿಡಿಕೆ. ದೂರ ಹೋದಷ್ಟೂ ತುದಿ ಅಲ್ಲಾಡುತ್ತದೆ.

ವಕ್ರರೇಖೆಗೆ ಇಳಿಜಾರು ಉಂಟೆ? ಅಲ್ಲೂ ಎರಡು ಬಿಂದು ಸಾಕೆ?

ವೈ = ಎಕ್ಸ್² ಎಂಬ ವಕ್ರದ ಮೇಲೆ (1, 1) ಮತ್ತು (3, 9) ಹಿಡಿದರೆ ಇಳಿಜಾರು 4. ಎರಡನೆಯ ಬಿಂದುವನ್ನು ಹತ್ತಿರ ತಂದು (1.1, 1.21) ಮಾಡಿದರೆ 2.1, ಇನ್ನೂ ಹತ್ತಿರ (1.001, 1.002001) ಮಾಡಿದರೆ 2.001. ಬಿಂದುಗಳು ಕೂಡುವುದಿಲ್ಲ, ಕೂಡಿದರೆ 0 ÷ 0. ಆದರೆ ಸಂಖ್ಯೆ 2ರ ಕಡೆಗೆ ಹೋಗುತ್ತಿದೆ ಎಂಬುದು ಸ್ಪಷ್ಟ. ಆ 2ನ್ನು (1, 1)ರಲ್ಲಿ ವಕ್ರದ ಇಳಿಜಾರು ಎನ್ನುತ್ತೇವೆ. ಕಲನಶಾಸ್ತ್ರದ ಬಾಗಿಲು ಇದೇ.

ನಮ್ಮ ಹಿಂದಿನ ಗಣಿತಜ್ಞರಿಗೆ ಇಳಿಜಾರು ಗೊತ್ತಿತ್ತೆ?

ಎಕ್ಸ್, ವೈ ಅಕ್ಷಗಳ ಮೇಲಿನ ಇಳಿಜಾರು ಎಂಬ ರೂಪದಲ್ಲಿ ಅಲ್ಲ. ಆದರೆ ಎರಡು ಬೆಲೆಗಳ ವ್ಯತ್ಯಾಸವನ್ನು ಹಿಡಿದು ಲೆಕ್ಕ ನಡೆಸುವ ಪದ್ಧತಿ ಬಹಳ ಹಳೆಯದು. 499ರ ಸುಮಾರಿನ ಆರ್ಯಭಟೀಯದಲ್ಲಿ ಜ್ಯಾ, ಅಂದರೆ ಇಂದಿನ ಸೈನ್, ಬೆಲೆಗಳ ಪಟ್ಟಿ ಇದೆ. ಅದರಲ್ಲಿ ಆರ್ಯಭಟ ಕೊಟ್ಟಿರುವುದು ಬೆಲೆಗಳನ್ನಲ್ಲ, ಒಂದು ಬೆಲೆಯಿಂದ ಮುಂದಿನದಕ್ಕೆ ಇರುವ ವ್ಯತ್ಯಾಸಗಳನ್ನು: 225, 224, 222, 219 ಎಂದು ಆರಂಭವಾಗಿ 37, 22, 7 ಎಂದು ಮುಗಿಯುವ 24 ಸಂಖ್ಯೆಗಳು. ಕೋನದ ಹೆಜ್ಜೆ ಪ್ರತಿ ಸಲವೂ 225 ಕಲೆ; ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗಕ್ಕೆ ಕಲೆ ಎನ್ನುತ್ತಾರೆ. ಆದ್ದರಿಂದ ಪಟ್ಟಿಯ ಯಾವ ಸಂಖ್ಯೆಯನ್ನು 225ರಿಂದ ಭಾಗಿಸಿದರೂ ಅಕ್ಕಪಕ್ಕದ ಎರಡು ಬಿಂದುಗಳ ನಡುವಿನ ಇಳಿಜಾರು ಕೈಗೆ ಬರುತ್ತದೆ. ಮೊದಲನೆಯದು 225 ÷ 225 = 1, ಕೊನೆಯದು 7 ÷ 225, ಸುಮಾರು 0.03. ಜ್ಯಾ ವಕ್ರ ಮೊದಲು ನೇರ ಏರಿ ಕೊನೆಗೆ ಚಪ್ಪಟೆಯಾಗುವುದು ಈ ಒಂದು ಸಾಲಿನಲ್ಲೇ ಕಾಣುತ್ತದೆ.

ಪಟ್ಟಿಯಲ್ಲಿಲ್ಲದ ಕೋನದ ಜ್ಯಾ ಬೇಕಾದರೆ ಅಕ್ಕಪಕ್ಕದ ಬೆಲೆಗಳ ನಡುವೆ ಸರಳರೇಖೆ ಎಳೆದಂತೆ ಲೆಕ್ಕ ಮಾಡುವುದು ಸುಲಭದ ದಾರಿ. ಉದಾಹರಣೆಗೆ 300 ಕಲೆಗಳ ಜ್ಯಾ: 225 ಕಲೆಗೆ 225, ಮುಂದಿನ ವ್ಯತ್ಯಾಸ 224, ಉಳಿದ 75 ಕಲೆಗೆ 75 × 224 ÷ 225, ಸುಮಾರು 74.7; ಒಟ್ಟು 299.7. ಲಾಗರಿದಮ್ ಪುಸ್ತಕದ ಬಲತುದಿಯಲ್ಲಿರುವ ವ್ಯತ್ಯಾಸದ ಕಂಬಸಾಲನ್ನು ಬಳಸಿದವರಿಗೆ ಇದು ಪರಿಚಿತ ಕೆಲಸ. ವ್ಯತ್ಯಾಸಗಳೇ 225ರಿಂದ 7ಕ್ಕೆ ಬದಲಾಗುತ್ತ ಹೋಗುವಾಗ ಎರಡು ಬಿಂದುಗಳ ರೇಖೆ ಸಾಲದು ಎಂಬುದನ್ನು ಬ್ರಹ್ಮಗುಪ್ತ ಕಂಡಿದ್ದ. 665ರ ಖಂಡಖಾದ್ಯಕದಲ್ಲಿ ಅವನು ಹಿಂದಿನ ಮತ್ತು ಮುಂದಿನ, ಎರಡೂ ವ್ಯತ್ಯಾಸಗಳನ್ನು ಸೇರಿಸಿಕೊಂಡು ಅಂದಾಜನ್ನು ತಿದ್ದುವ ವಿಧಾನ ಕೊಟ್ಟಿದ್ದಾನೆ. ಅಂದರೆ ಅಲ್ಲಿ ಲೆಕ್ಕಕ್ಕೆ ಬರುವ ಬಿಂದುಗಳು ಎರಡಲ್ಲ, ಮೂರು.